ಶಿಕಾಗೋದ ಮಾರ್ಷಲ್ ಫೀಲ್ಡ್ಸ್: ಗೋಡೆಯ ಮೇಲೆ ಒಂದು ಹೆಸರು, ಬಾಗಿಲ ಮೇಲೆ ಇನ್ನೊಂದು

ಹಾಸನದ ಹುಡುಗ:
ಕಂಪನಿ ಕೆಲಸದ ಮೇಲೆ ಶಿಕಾಗೋಗೆ ಬಂದಿದ್ದೇನೆ. ಸ್ಟೇಟ್ ಸ್ಟ್ರೀಟ್‌ನಲ್ಲಿ ಇಡೀ ಒಂದು ಬ್ಲಾಕ್ ತುಂಬಿಕೊಂಡಿರುವ ಮೇಸೀಸ್ ಅಂಗಡಿ ಇದೆ. ಬಾಗಿಲ ಮೇಲೆ ಮೇಸೀಸ್ ಅಂತ ಬೋರ್ಡು. ಮೂಲೆಯ ಗೋಡೆಯಲ್ಲಿ ನೋಡಿದರೆ ದೊಡ್ಡ ಕಂಚಿನ ಫಲಕ, ಅದರಲ್ಲಿ 'ಮಾರ್ಷಲ್ ಫೀಲ್ಡ್ ಅಂಡ್ ಕಂಪನಿ' ಅಂತ ಇದೆ. ಆಫೀಸಿನ ಹಿರಿಯರೊಬ್ಬರಿಗೆ 'ಮೇಸೀಸ್ ಹತ್ತಿರ ಸಿಗೋಣ' ಅಂದೆ. ಅವರು ಮುಖ ಸಿಂಡರಿಸಿಕೊಂಡು 'ಫೀಲ್ಡ್ಸ್' ಅಂತ ತಿದ್ದಿದರು. ಹೆಸರು ಬದಲಾಗಿ ಎಷ್ಟೋ ವರ್ಷ ಆಯಿತಂತೆ. ಇನ್ನೂ ಯಾಕಿಷ್ಟು ಸಿಟ್ಟು? ಒಂದು ಬಟ್ಟೆ ಅಂಗಡಿ ತಾನೆ?

ಅರೋರಾ ಅಜ್ಜ:
ಬಟ್ಟೆ ಅಂಗಡಿ ತಾನೆ ಅಂತ ಇಲ್ಲಿಯ ಹಳಬರ ಮುಂದೆ ಅನ್ನಬೇಡಪ್ಪ. ನಾನು ಈ ಕಡೆಗೆ ಬಂದಿದ್ದು ಎಪ್ಪತ್ತರ ದಶಕದಲ್ಲಿ. ಆಗ ಮದುವೆ ಉಡುಗೊರೆ ಅಂದರೆ ಫೀಲ್ಡ್ಸ್‌ನ ಡಬ್ಬಿಯಲ್ಲಿ ಬರಬೇಕು. ಒಳಗೆ ಏನಿದೆ ಅನ್ನುವುದು ಆಮೇಲಿನ ಮಾತು.

ಶುರುವಿನಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

1852ರಲ್ಲಿ ಪಾಟರ್ ಪಾಮರ್ ಅನ್ನುವವರು ಲೇಕ್ ಸ್ಟ್ರೀಟ್‌ನಲ್ಲಿ ಬಟ್ಟೆ ಅಂಗಡಿ ತೆರೆದರು. ಊರೆಲ್ಲ ಕೆಸರು, ಮರದ ಕಾಲುದಾರಿ. ಪಾಮರ್ ಕಣ್ಣಿಟ್ಟಿದ್ದು ಹೆಂಗಸರ ಮೇಲೆ. ಸಾಮಾನು ಮನೆಗೆ ಒಯ್ದು ನೋಡಿ, ಹಿಡಿಸದಿದ್ದರೆ ವಾಪಸ್ ತನ್ನಿ ಅಂದರು. ಬೇರೆ ವರ್ತಕರಿಗೆ ಅದು ಶುದ್ಧ ಹುಚ್ಚು ಅನ್ನಿಸಿತು. ಮಾರ್ಷಲ್ ಫೀಲ್ಡ್ ಆಗಿನ್ನೂ ಮ್ಯಾಸಚೂಸೆಟ್ಸ್‌ನಲ್ಲಿದ್ದ ರೈತರ ಮನೆ ಹುಡುಗ, 1834ರಲ್ಲಿ ಹುಟ್ಟಿದ್ದು. 1856ರಲ್ಲಿ ಶಿಕಾಗೋಗೆ ಬಂದು ಒಂದು ಸಗಟು ಅಂಗಡಿಯಲ್ಲಿ ಗುಮಾಸ್ತನಾದ. 1865ರಲ್ಲಿ ಫೀಲ್ಡ್ ಮತ್ತು ಲೀವೈ ಲೈಟರ್ ಇಬ್ಬರೂ ಪಾಮರ್ ಜೊತೆ ಪಾಲುದಾರರಾದರು.

ಪಾಮರ್ ಬೇಗ ವ್ಯಾಪಾರದಿಂದ ಸರಿದು ಜಾಗದ ವ್ಯವಹಾರಕ್ಕೆ ಇಳಿದರು. ಸ್ಟೇಟ್ ಸ್ಟ್ರೀಟ್‌ನಲ್ಲಿ ಉದ್ದಕ್ಕೂ ಜಾಗ ಕೊಂಡು, ಅಮೃತಶಿಲೆಯ ಮುಂಭಾಗ ಇರುವ ಕಟ್ಟಡ ಕಟ್ಟಿಸಿ, ತನ್ನ ಹಳೇ ಪಾಲುದಾರರಿಗೇ ವರ್ಷಕ್ಕೆ 50,000 ಡಾಲರ್ ಬಾಡಿಗೆಗೆ ಕೊಟ್ಟರು. ಭಾರಿ ಬುದ್ಧಿವಂತ ಬಿಡಿ. 1868ರ ಅಕ್ಟೋಬರ್‌ನಲ್ಲಿ ಅಂಗಡಿ ಅಲ್ಲಿಗೆ ಹೋಯಿತು. ಊರಿನ ವ್ಯಾಪಾರವೂ ಹಿಂದೆಯೇ ಹೋಯಿತು.

ಮೂರೇ ವರ್ಷ. 1871ರ ಅಕ್ಟೋಬರ್‌ನಲ್ಲಿ ಶಿಕಾಗೋ ಹೊತ್ತಿ ಉರಿಯಿತು. ಬೆಂಕಿ ಹತ್ತಿರ ಬರುತ್ತಿದ್ದಾಗ ಕೆಲಸದವರು ಬೆಲೆಬಾಳುವ ಸರಕನ್ನು ಗಾಡಿಗಳಿಗೆ ತುಂಬಿ ಸಾಗಿಸಿದರು. ಕಟ್ಟಡ ಬೂದಿ. ಕೆಲವೇ ವಾರಗಳಲ್ಲಿ ಇಪ್ಪತ್ತನೇ ಬೀದಿಯ ಹತ್ತಿರ, ಟ್ರಾಮ್ ಎಳೆಯುವ ಕುದುರೆಗಳ ಲಾಯದಲ್ಲಿ ವ್ಯಾಪಾರ ಶುರು ಮಾಡಿದರು. ಮತ್ತೆ ಕಟ್ಟಡ, 1877ರಲ್ಲಿ ಮತ್ತೆ ಬೆಂಕಿ. 1879ರಲ್ಲಿ ಪುನಃ ಅದೇ ಮೂಲೆಗೆ ಬಂದು ಕೂತರು. 1881ರಲ್ಲಿ ಲೈಟರ್ ಪಾಲನ್ನು ಫೀಲ್ಡ್ ಕೊಂಡುಕೊಂಡ ಮೇಲೆ ಬಂದಿದ್ದು ನೀನು ಫಲಕದಲ್ಲಿ ಓದಿದ ಹೆಸರು.

ಗಾಂಧಿಬಜಾರ್ ಗೆಳತಿ:
ಅಜ್ಜ, ಆ ಕಾಲದಲ್ಲಿ ಚೌಕಾಸಿ ನಡೀತಿತ್ತಾ? ನಮ್ಮ ಚಿಕ್ಕಪೇಟೆ ಥರ?

ಅರೋರಾ ಅಜ್ಜ:
ಬೇರೆ ಅಂಗಡಿಗಳಲ್ಲಿ ಧಾರಾಳವಾಗಿ ನಡೆಯುತ್ತಿತ್ತಮ್ಮ. ಫೀಲ್ಡ್ಸ್‌ನಲ್ಲಿ ಇಲ್ಲ. ಚೀಟಿಯಲ್ಲಿ ಬರೆದ ಬೆಲೆ ಎಲ್ಲರಿಗೂ ಒಂದೇ. ಗುಮಾಸ್ತ ಗಿರಾಕಿಯ ಬೆನ್ನು ಹತ್ತಬಾರದು, ಕೊಳ್ಳದಿದ್ದರೂ ಸುಮ್ನೆ ನೋಡಿಕೊಂಡು ಹೋಗಲಿ ಅನ್ನುವ ಪದ್ಧತಿ. 'ಆ ಹೆಣ್ಣುಮಗಳಿಗೆ ಏನು ಬೇಕೋ ಅದನ್ನು ಕೊಡಿ' ಅನ್ನುವ ಮಾತು ಫೀಲ್ಡ್ ಹೆಸರಿಗೇ ಅಂಟಿಕೊಂಡಿದೆ.

ಆದರೆ ಆ ಮನುಷ್ಯ ಮಾತು ಕಮ್ಮಿ, ಲೆಕ್ಕ ಜಾಸ್ತಿ. ಅಂಗಡಿಗೆ ಕಳೆ ತಂದವನು ಇನ್ನೊಬ್ಬ. ಹ್ಯಾರಿ ಗಾರ್ಡನ್ ಸೆಲ್ಫ್ರಿಜ್. 1879ರಲ್ಲಿ ಸಗಟು ವಿಭಾಗಕ್ಕೆ ಹುಡುಗನಾಗಿ ಸೇರಿ ಚಿಲ್ಲರೆ ಅಂಗಡಿಯ ಮುಖ್ಯಸ್ಥನಾದ. ನೆಲಮಾಳಿಗೆಯಲ್ಲಿ ಅಗ್ಗದ ಸಾಮಾನಿನ ವಿಭಾಗ, ಜಾಸ್ತಿ ದೀಪ, ಜಾಸ್ತಿ ಜಾಹೀರಾತು, ಹೆಂಗಸರಿಗೆ ಟೀ ರೂಮು, ಎಲ್ಲ ಅವನ ಒತ್ತಾಯ. 1904ರಲ್ಲಿ ಬಿಟ್ಟ. 1909ರಲ್ಲಿ ಲಂಡನ್ನಿನಲ್ಲಿ ತನ್ನದೇ ಹೆಸರಿನ ಅಂಗಡಿ ತೆರೆದ. ಆಕ್ಸ್‌ಫರ್ಡ್ ಸ್ಟ್ರೀಟ್‌ನ ಸೆಲ್ಫ್ರಿಜಸ್ ಗೊತ್ತಲ್ಲ, ಅದೇ. ಇಲ್ಲಿ ಕಲಿತ ವಿದ್ಯೆಯನ್ನು ಅಲ್ಲಿ ಮಾರಿದ.

ನೇಪರ್‌ವಿಲ್ ಅಮ್ಮ:
ಟೀ ರೂಮಿನ ಕಥೆ ನಾನು ಹೇಳುತ್ತೇನೆ, ನನ್ನ ಪಾಲಿನದು.

ಆಗ ಮರ್ಯಾದಸ್ಥ ಮನೆಯ ಹೆಂಗಸು ಗಂಡಸರ ಜೊತೆ ಇಲ್ಲದೆ ಹೋಟೆಲಿಗೆ ಹೋಗುವ ಹಾಗಿರಲಿಲ್ಲ. ಪೇಟೆಗೆ ಬಂದವರು ಹಸಿವಾದರೆ ಮನೆಗೆ ಹೊರಟುಬಿಡುತ್ತಿದ್ದರು. ಅಂಗಡಿಗೆ ಅರ್ಧ ದಿನದ ವ್ಯಾಪಾರ ನಷ್ಟ. ಟೋಪಿ ವಿಭಾಗದಲ್ಲಿ ಮಿಸೆಸ್ ಹೆರಿಂಗ್ ಅಂತ ಒಬ್ಬರು ಕೆಲಸಕ್ಕಿದ್ದರು. ಹಸಿದಿದ್ದ ಗಿರಾಕಿಗೆ ತಮ್ಮ ಬುತ್ತಿಯ ಚಿಕನ್ ಪಾಟ್ ಪೈ ಕೊಟ್ಟರಂತೆ. ಅದರ ಸುದ್ದಿ ಹಬ್ಬಿತು. 1890ರಲ್ಲಿ ಟೀ ರೂಮ್ ಬಂತು, ಬರೀ 15 ಮೇಜು. ಆಮೇಲೆ 1907ರಲ್ಲಿ ಏಳನೇ ಮಹಡಿಯಲ್ಲಿ ದೊಡ್ಡ ಊಟದ ಮನೆ. ಗೋಡೆಗೆಲ್ಲ ಸರ್ಕೇಷ್ಯನ್ ವಾಲ್ನಟ್ ಮರದ ಹಲಗೆ, ಅದಕ್ಕೇ ವಾಲ್ನಟ್ ರೂಮ್. ಕ್ರಿಸ್‌ಮಸ್ ಸಮಯದಲ್ಲಿ ನಡುವೆ 45 ಅಡಿ ಎತ್ತರದ ಮರ ನಿಲ್ಲಿಸುತ್ತಾರೆ. ಅದರ ಬುಡದ ಮೇಜು ಬೇಕು ಅಂದರೆ ಗಂಟೆಗಟ್ಟಲೆ ಕಾಯಬೇಕು.

ನಮ್ಮತ್ತೆ ಮೈಸೂರಿನಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಪಕ್ಕದ ಮೇಜಿಗೆ ಪೈ ಬಂತು. ಬಟ್ಟಲಿನ ಮೇಲೆ ಹೊಂಬಣ್ಣದ ಮುಚ್ಚಳದ ಹಾಗೆ ಉಬ್ಬಿದ ಹಿಟ್ಟು, ಚಮಚ ತಾಗಿಸಿದ ತಕ್ಷಣ ಹಬೆ. ಅತ್ತೆ ಅದನ್ನೇ ನೋಡುತ್ತಾ 'ಏನಮ್ಮಾ, ಅದರಲ್ಲಿ ಬಟಾಣಿ ಕಾಣುತ್ತೆ, ಅದನ್ನೇ ಹೇಳು' ಅಂದರು. ಕೋಳಿ ಅಂತ ಹೇಳಿದ ಮೇಲೆ ಕುರ್ಚಿಯನ್ನೇ ಆ ಕಡೆಗೆ ತಿರುಗಿಸಿಕೊಂಡರು. ಟೀ, ಬ್ರೆಡ್ಡು, ಆಮೇಲೆ ಆ ಅಂಗಡಿಯ ಪುದೀನಾ ಚಾಕಲೇಟು, ಫ್ರ್ಯಾಂಗೋ ಮಿಂಟ್. ಮಿಂಟ್ ಮಾತ್ರ ಬಹಳ ಹಿಡಿಸಿತು, ಹೋಗುವಾಗ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಅದೇ.

ಕಂಬ ಕಮಾನು:
ಕಟ್ಟಡದ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬಂದೆ. ಹಾಸನದ ಹುಡುಗ, ನೀವು ನೋಡಿದ್ದು ಒಂದೇ ಕಟ್ಟಡ ಅಲ್ಲ. 1892ರಿಂದ 1914ರವರೆಗೆ ತುಂಡು ತುಂಡಾಗಿ ಕಟ್ಟಿ ಒಂದು ಬ್ಲಾಕ್ ಪೂರ್ತಿ ಮಾಡಿದ್ದು. ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್ ಅವರ ಕಚೇರಿಯ ಕೆಲಸ. ಮೊದಲ ತುಂಡು ವಾಬಾಷ್ ರಸ್ತೆಯ ಕಡೆಯದು, ಚಾರ್ಲ್ಸ್ ಆಟ್‌ವುಡ್ ವಿನ್ಯಾಸ. 1893ರ ವಿಶ್ವ ಮೇಳದ ಜನಜಾತ್ರೆ ಲೆಕ್ಕ ಹಾಕಿ ಅದನ್ನು ಕಟ್ಟಿಸಿದ್ದು. ಆ ಮೇಳದ ಜೊತೆಗೇ ನಡೆದಿದ್ದು ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ. ಅದು ನಡೆದ ಕಟ್ಟಡ, ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್, ಅಂಗಡಿಯಿಂದ ನಡೆದು ಹೋಗುವಷ್ಟು ದೂರ.

ಒಳಗೆ ಹೋದರೆ ದಕ್ಷಿಣದ ಭಾಗದಲ್ಲಿ, ಅಂದರೆ ವಾಷಿಂಗ್ಟನ್ ಸ್ಟ್ರೀಟ್ ಕಡೆ, ಸೆಂಟು ಪೌಡರಿನ ಕೌಂಟರ್‌ಗಳ ನಡುವೆ ನಿಂತು ಕತ್ತೆತ್ತಿ ನೋಡಿ. ಐದು ಮಹಡಿ ಎತ್ತರದ ತೆರೆದ ಜಾಗ, ಅದರ ಮೇಲೆ ಹೆಸರಾಂತ ಗಾಜಿನ ಕಲಾವಿದ ಟಿಫನಿಯವರ ಗಾಜಿನ ಚಾವಣಿ. 1907ರದ್ದು. ಸುಮಾರು 16 ಲಕ್ಷ ಗಾಜಿನ ಚೂರು. 50 ಜನ ಒಂದೂವರೆ ವರ್ಷ ಕೂತು ಜೋಡಿಸಿದ್ದು. ನೀಲಿ, ಹಸಿರು, ಚಿನ್ನದ ಬಣ್ಣ. ಕೆಳಗಿನವರು ಲಿಪ್‌ಸ್ಟಿಕ್ ಹಚ್ಚಿ ನೋಡುವುದರಲ್ಲಿ ಮುಳುಗಿರುತ್ತಾರೆ, ತಲೆ ಎತ್ತುವವರು ನಾಲ್ಕು ಜನ ಪ್ರವಾಸಿಗಳು ಮಾತ್ರ.

ಹೊರಗಿನ ಮೂಲೆಯ ಗಡಿಯಾರ 1897ರಲ್ಲಿ ಬಂತು. ಇನ್ನೊಂದು ರ‍್ಯಾಂಡಾಲ್ಫ್ ಮೂಲೆಯಲ್ಲಿದೆ. ಒಂದೊಂದೂ ಏಳೂಮುಕ್ಕಾಲು ಟನ್. 'ಗಡಿಯಾರದ ಕೆಳಗೆ ಸಿಗೋಣ' ಅಂದರೆ ಶಿಕಾಗೋದವರಿಗೆ ಯಾವ ಗಡಿಯಾರ ಅಂತ ಹೇಳಬೇಕಾಗಿರಲಿಲ್ಲ.

ಇನ್ನೊಂದು ವಿಷಯ. ಊರಿನ ಕೆಳಗೆ ಸುಮಾರು 40 ಅಡಿ ಆಳದಲ್ಲಿ ಪುಟ್ಟ ರೈಲಿನ ಸುರಂಗಗಳಿವೆ, ಒಟ್ಟು 60 ಮೈಲಿ. ದೊಡ್ಡ ಅಂಗಡಿಗಳಿಗೆ ಸರಕು, ಕಲ್ಲಿದ್ದಲು ತರುತ್ತಿದ್ದವು, ಬೂದಿ ಒಯ್ಯುತ್ತಿದ್ದವು. ರೈಲು ನಿಂತು ಎಷ್ಟೋ ಕಾಲ ಆದ ಮೇಲೆ, 1992ರ ಏಪ್ರಿಲ್‌ನಲ್ಲಿ ನದಿಯ ಹತ್ತಿರ ಸುರಂಗ ಒಡೆದು ನೀರು ನುಗ್ಗಿತು. ಫೀಲ್ಡ್ಸ್‌ನ ನೆಲಮಾಳಿಗೆಗೂ ನೀರು. ದೊಡ್ಡ ನವೀಕರಣ ಮುಗಿಸುತ್ತಿದ್ದ ವರ್ಷವೇ ಹೀಗಾಯಿತು, ಪಾಪ.

ಕೆಂಪು ಪೆನ್ಸಿಲ್:
ಎಲ್ಲರೂ ಗಾಜು, ಮಿಂಟು ಅಂತ ಕರಗಿಹೋಗಿದ್ದೀರಿ. ಮೇ ದಿನಾಚರಣೆಯ ಮೂಲ ಯಾವ ಊರು ಅಂತ ನೆನಪಿದೆಯಾ? ಇದೇ ಶಿಕಾಗೋ. 1886ರಲ್ಲಿ ಹೇಮಾರ್ಕೆಟ್ ಚೌಕದ ಕಾರ್ಮಿಕರ ಸಭೆಯಲ್ಲಿ ಪೊಲೀಸರ ಮೇಲೆ ಬಾಂಬ್ ಬಿದ್ದ ಘಟನೆಯ ನಂತರ ಕಾರ್ಮಿಕ ನಾಯಕರಿಗೆ ಗಲ್ಲು ವಿಧಿಸಿದಾಗ, ಊರಿನ ಕೆಲವು ಬ್ಯಾಂಕರ್‌ಗಳೂ ಶಿಕ್ಷೆ ಕಡಿಮೆ ಮಾಡಲಿ ಅಂತ ಕೇಳಲು ತಯಾರಿದ್ದರು. ವರ್ತಕರ ಸಭೆ ಕರೆದರು. ಅಲ್ಲಿ ಎದ್ದು ನಿಂತು ವಿರೋಧಿಸಿದವರು ಮಾರ್ಷಲ್ ಫೀಲ್ಡ್. ಫೀಲ್ಡ್ ಬೇಡ ಅಂದ ಮೇಲೆ ಉಳಿದವರೂ ಬಾಯಿ ಮುಚ್ಚಿದರು. 1887ರ ನವೆಂಬರ್‌ನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು.

ಅಂಗಡಿಯಲ್ಲೂ ಯೂನಿಯನ್ ಅಂದರೆ ಆಗುತ್ತಿರಲಿಲ್ಲ. ಗಿರಾಕಿ ಯಾವಾಗಲೂ ಸರಿ ಅಂದವರಿಗೆ ಕೆಲಸದವರು ಯಾವಾಗ ಸರಿ ಇದ್ದರು? ಸ್ಟೇಟ್ ಸ್ಟ್ರೀಟ್‌ನ ದೊಡ್ಡ ಅಂಗಡಿಗಳು ಕಪ್ಪು ಜನರನ್ನು ಕೌಂಟರಿನ ಹಿಂದೆ ಮಾರಾಟಕ್ಕೆ ನಿಲ್ಲಿಸುವುದಕ್ಕೂ ಬಹಳ ಕಾಲ ಹಿಂದೆಮುಂದೆ ನೋಡಿದವು. ಅದೂ ಚರಿತ್ರೆಯೇ.

ಅರೋರಾ ಅಜ್ಜ:
ಅದು ನಿಜವೇ, ನಾನು ಮುಚ್ಚಿಡುತ್ತಿಲ್ಲ. ಅದೇ ಮನುಷ್ಯ ಶಿಕಾಗೋ ವಿಶ್ವವಿದ್ಯಾಲಯಕ್ಕೆ 10 ಎಕರೆ ಜಾಗ ಕೊಟ್ಟರು. ಫೀಲ್ಡ್ ಮ್ಯೂಸಿಯಂಗೆ ಮೊದಲು 10 ಲಕ್ಷ, ಉಯಿಲಿನಲ್ಲಿ 80 ಲಕ್ಷ ಡಾಲರ್. 1906ರ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಅಧ್ಯಕ್ಷರಾದ ಜಾನ್ ಶೆಡ್ ಕೊಟ್ಟ ಹಣದ್ದೇ ಶೆಡ್ ಅಕ್ವೇರಿಯಂ. ಮಕ್ಕಳನ್ನು ಕರೆದುಕೊಂಡು ಎಲ್ಲರೂ ಹೋಗುವ ಜಾಗಗಳು ಎರಡೂ.

ಕೆಂಪು ಪೆನ್ಸಿಲ್:
ದಾನ ಮಾಡಿದರೆ ಗಲ್ಲಿಗೇರಿದವರು ವಾಪಸ್ ಬರುತ್ತಾರಾ ಅಜ್ಜ? ಇರಲಿ, ಇಲ್ಲಿಗೇ ನಿಲ್ಲಿಸುತ್ತೇನೆ.

ಲೆಕ್ಕದ ಮೇಷ್ಟ್ರು:
ಒಂದು ವಿಷಯ ಜನಕ್ಕೆ ಗೊತ್ತಿರಲ್ಲ. ಫೀಲ್ಡ್ ಕಾಲದಲ್ಲಿ ಚಿಲ್ಲರೆ ಅಂಗಡಿ ಹೆಸರು ತಂದುಕೊಟ್ಟಿತು, ದುಡ್ಡು ತಂದಿದ್ದು ಸಗಟು ವ್ಯಾಪಾರ. ಅಮೆರಿಕದ ನಡುಭಾಗದ ಸಣ್ಣ ಊರುಗಳ ಅಂಗಡಿಕಾರರೆಲ್ಲ ಇಲ್ಲಿಂದ ಸರಕು ಒಯ್ಯುತ್ತಿದ್ದರು. ಅದಕ್ಕೇ ಅಂತ 1887ರಲ್ಲಿ ಎಚ್. ಎಚ್. ರಿಚರ್ಡ್ಸನ್ ವಿನ್ಯಾಸದ ಬೇರೆ ಕಟ್ಟಡವೇ ಇತ್ತು. 1930ರಲ್ಲಿ ಅದನ್ನು ಒಡೆದರು.

ಅಷ್ಟು ಹೊತ್ತಿಗೆ ಸಗಟು ವ್ಯಾಪಾರದ ಕಾಲ ಮುಗಿಯುತ್ತಾ ಬಂದಿತ್ತು. ಸಣ್ಣ ಊರಿನವರು ಅಂಚೆಯಲ್ಲಿ ಸಾಮಾನು ತರಿಸುತ್ತಿದ್ದರು, ಕಾರು ಹತ್ತಿ ದೊಡ್ಡ ಊರಿಗೆ ಹೋಗುತ್ತಿದ್ದರು, ಚೈನ್ ಅಂಗಡಿಗಳು ಬಂದಿದ್ದವು. ಕಂಪನಿ ಮಾಡಿದ್ದೇನು? ನದಿ ದಡದಲ್ಲಿ ಮರ್ಚಂಡೈಸ್ ಮಾರ್ಟ್ ಅಂತ 40 ಲಕ್ಷ ಚದರ ಅಡಿಯ ಸಗಟು ಅರಮನೆ ಕಟ್ಟಿತು. ತೆರೆದಿದ್ದು 1930ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ.

ನಷ್ಟ ಕುತ್ತಿಗೆಗೆ ಬಂದಾಗ ಸಲಹೆ ಕೊಡಲು ಒಬ್ಬ ಲೆಕ್ಕಿಗರನ್ನು ಕರೆದರು. ಜೇಮ್ಸ್ ಮೆಕಿನ್ಸಿ. ಹೌದು, ಆ ಮೆಕಿನ್ಸಿಯೇ, ಈಗಿನ ಕನ್ಸಲ್ಟಿಂಗ್ ಕಂಪನಿ ಅವರ ಹೆಸರಿನದ್ದೇ. ಸಗಟು ಮುಚ್ಚಿ ಅಂತ ವರದಿ ಕೊಟ್ಟರು. ಹಾಗಾದರೆ ನೀವೇ ಬಂದು ಮಾಡಿ ಅಂತ 1935ರಲ್ಲಿ ಅವರನ್ನೇ ಮೇಲೆ ಕೂರಿಸಿದರು. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. 1937ರ ಕೊನೆಯಲ್ಲಿ ನ್ಯುಮೋನಿಯಾ ಬಂದು ಮೆಕಿನ್ಸಿ ತೀರಿಕೊಂಡರು. ಆದರೆ ಕಂಪನಿ ಉಳಿದಿದ್ದು ಆ ಕತ್ತರಿಯಿಂದಲೇ ಅಂತ ನನ್ನ ಅಭಿಪ್ರಾಯ. 1945ರಲ್ಲಿ ಮಾರ್ಟ್ ಕಟ್ಟಡವನ್ನು ಜೋಸೆಫ್ ಕೆನಡಿಗೆ ಮಾರಿದರು, ಅಧ್ಯಕ್ಷ ಕೆನಡಿಯ ತಂದೆ.

ಹಾಸನದ ಹುಡುಗ:
ಅಬ್ಬಾ. ನಮ್ಮ ಆಫೀಸಿಗೂ ಸಲಹೆಗಾರರು ಬಂದಿದ್ದಾರೆ, ಭಯ ಆಗುತ್ತಿದೆ. ಸರಿ, ಹೆಸರು ಹೋಗಿದ್ದು ಹೇಗೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು:
ಎಲ್ಲರೂ ಮೇಸೀಸ್ ಮೇಲೆ ಹಾರಿಬೀಳುತ್ತಾರೆ. ನನ್ನ ಪ್ರಕಾರ ಕಥೆ ಶುರುವಾಗುವುದು 1977ರಲ್ಲಿ. ನೀಮನ್ ಮಾರ್ಕಸ್ ಅಂಗಡಿಗಳ ಒಡೆಯರಾದ ಕ್ಯಾಲಿಫೋರ್ನಿಯಾ ಕಂಪನಿ, ಕಾರ್ಟರ್ ಹಾಲಿ ಹೇಲ್, ಫೀಲ್ಡ್ಸ್ ಕೊಳ್ಳಲು ಬಂತು. ತಪ್ಪಿಸಿಕೊಳ್ಳಲು ಫೀಲ್ಡ್ಸ್‌ನವರು ದೂರದ ಊರುಗಳಲ್ಲಿ ಅಂಗಡಿ ಕೊಂಡರು, ಹ್ಯೂಸ್ಟನ್‌ಗೆ ಹೋಗುತ್ತೇವೆ ಅಂದರು. ಅವರ ಅಂಗಡಿಗಳಿರುವ ಕಡೆ ನಾವೂ ಇದ್ದರೆ ಪೈಪೋಟಿ ಕಾನೂನು ಅಡ್ಡ ಬರಲಿ ಅನ್ನುವ ಲೆಕ್ಕಾಚಾರ. ಕೊಳ್ಳಲು ಬಂದವರು ವಾಪಸ್ ಹೋದರು, ಆದರೆ ಫೀಲ್ಡ್ಸ್ ಕೈಯಲ್ಲಿ ಬೇಡದ ಅಂಗಡಿಗಳು ಉಳಿದವು.

1982ರಲ್ಲಿ, ಷೇರು ಕೊಂಡು ಕಂಪನಿಗಳನ್ನು ವಶಕ್ಕೆ ತೆಗೆದುಕೊಳ್ಳುವ ಹೂಡಿಕೆದಾರ ಕಾರ್ಲ್ ಐಕಾನ್ ಫೀಲ್ಡ್ಸ್ ಷೇರು ಕೂಡಿಹಾಕಿದರು. ಅವರಿಂದ ತಪ್ಪಿಸಿಕೊಳ್ಳಲು ಸಿಗರೇಟು ಕಂಪನಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೋದ ಅಮೆರಿಕ ಶಾಖೆಗೆ ತಮ್ಮನ್ನು ಮಾರಿಕೊಂಡರು. 1990ರಲ್ಲಿ ಮಿನಿಯಾಪೋಲಿಸ್‌ನ ಡೇಟನ್ ಹಡ್ಸನ್‌ಗೆ, ನೂರು ಕೋಟಿ ಡಾಲರ್‌ಗೂ ಸ್ವಲ್ಪ ಜಾಸ್ತಿ. ಆ ಕಂಪನಿಯೇ 2000ದಲ್ಲಿ ಟಾರ್ಗೆಟ್ ಅಂತ ಹೆಸರು ಬದಲಿಸಿಕೊಂಡಿತು. 2004ರಲ್ಲಿ ಮೇ ಅನ್ನುವ ಇನ್ನೊಂದು ಅಂಗಡಿ ಕಂಪನಿಗೆ, 324 ಕೋಟಿ ಡಾಲರ್. ಮರುವರ್ಷ ಮೇ ಕಂಪನಿಯನ್ನೇ ಮೇಸೀಸ್ ಒಡೆಯರಾದ ಫೆಡರೇಟೆಡ್ ನುಂಗಿತು. 2006ರ ಸೆಪ್ಟೆಂಬರ್ 9ಕ್ಕೆ ಬೋರ್ಡು ಬದಲು. ಅದೇ ದಿನ ಬಾಸ್ಟನ್‌ನ ಫೈಲೀನ್ಸ್, ಪಿಟ್ಸ್‌ಬರ್ಗ್‌ನ ಕಾಫ್‌ಮನ್ಸ್, ಹ್ಯೂಸ್ಟನ್‌ನ ಫೋಲೀಸ್, ಎಲ್ಲ ಮೇಸೀಸ್ ಆದವು. ಒಟ್ಟು ಸುಮಾರು 400 ಅಂಗಡಿ.

ಇಷ್ಟು ಕೈ ಬದಲಾದ ಮೇಲೆ ಉಳಿದಿದ್ದು ಹೆಸರು ಮಾತ್ರ. ಅದನ್ನೂ ತೆಗೆದರು, ಅಷ್ಟೇ.

ನೇಪರ್‌ವಿಲ್ ಅಮ್ಮ:
ಹೆಸರು ಮಾತ್ರ ಅಂದರೆ ಒಪ್ಪಲ್ಲ ಮೇಷ್ಟ್ರೇ. ನಾನು ಆವತ್ತು ಅಲ್ಲೇ ಇದ್ದೆ. ಗಡಿಯಾರದ ಕೆಳಗೆ ಜನ ಬೋರ್ಡು ಹಿಡಿದು ನಿಂತಿದ್ದರು. ಯಾರೂ ಕೆಲಸ ಕಳೆದುಕೊಂಡವರಲ್ಲ, ಬರೀ ಗಿರಾಕಿಗಳು. ಫೀಲ್ಡ್ಸ್ ಅಂಗಡಿಯ ಹಸಿರು ಚೀಲ ಎದೆಗೆ ಒತ್ತಿಕೊಂಡ ಮುದುಕಿಯರು. ಬರೀ ಹೆಸರಿಗೆ ಅಷ್ಟು ಜನ ಬರುತ್ತಾರಾ? ಜೊತೆಗೆ ಅದು ನ್ಯೂಯಾರ್ಕಿನ ಹೆಸರು. ಶಿಕಾಗೋದವರ ಮುಂದೆ ನ್ಯೂಯಾರ್ಕ್ ಅಂದರೆ ಮುಗಿಯಿತು.

ಒಳಗೂ ಬದಲಾಯಿತು. ಮೊದಲು ಒಂದು ವಿಭಾಗದಲ್ಲಿ ಹತ್ತಾರು ವರ್ಷ ನಿಂತ ಹೆಂಗಸರು ಇರುತ್ತಿದ್ದರು. ಟವೆಲ್ ಮುಟ್ಟಿ 'ಇದು ಬೇಡ, ನಾಲ್ಕು ಸಲ ಒಗೆದರೆ ಕೆಡುತ್ತೆ' ಅಂತ ತಮ್ಮ ಅಂಗಡಿಯ ಮಾಲನ್ನೇ ಬೇಡ ಅನ್ನುತ್ತಿದ್ದರು. ಅಂಥವರು ಒಬ್ಬೊಬ್ಬರೇ ಕಾಣೆಯಾದರು.

ಲೆಕ್ಕದ ಮೇಷ್ಟ್ರು:
ಅಮ್ಮಾ, ಕಾಣೆಯಾಗಲು ಶುರುವಾಗಿದ್ದು ಬೋರ್ಡು ಬದಲಾಗುವ ಮುಂಚೆ. ಫ್ರ್ಯಾಂಗೋ ಮಿಂಟನ್ನೇ ನೋಡಿ. ಸ್ಟೇಟ್ ಸ್ಟ್ರೀಟ್ ಅಂಗಡಿಯ 13ನೇ ಮಹಡಿಯಲ್ಲೇ ಮಾಡುತ್ತಿದ್ದರು. 1999ರಲ್ಲಿ ಅದನ್ನು ನಿಲ್ಲಿಸಿ ಪೆನ್ಸಿಲ್ವೇನಿಯಾದ ಕಂಪನಿಗೆ ಕೊಟ್ಟವರು ಡೇಟನ್ ಹಡ್ಸನ್. ಆಗಿನ್ನೂ ಬಾಗಿಲ ಮೇಲೆ ಫೀಲ್ಡ್ಸ್ ಅಂತಲೇ ಇತ್ತು. ಹತ್ತಿರದ ಊರುಗಳ ಮಾಲ್‌ಗಳು, ಅಗ್ಗದ ಅಂಗಡಿಗಳು, ಆಮೇಲೆ ಇಂಟರ್ನೆಟ್ಟು. ಹೆಸರು ಉಳಿಸಿಕೊಂಡಿದ್ದರೂ ವ್ಯಾಪಾರ ಇಳಿಯುತ್ತಿತ್ತು.

ಹತ್ತು ಸಾವಿರ ಕೆರೆ:
ಮಿನಿಯಾಪೋಲಿಸ್‌ನಿಂದ ಒಂದು ಮಾತು. ಓದುತ್ತಾ ಓದುತ್ತಾ ನಗು ಬಂತು.

ನಮ್ಮ ಊರಿನ ಅಂಗಡಿ ಡೇಟನ್ಸ್, 1902ರಿಂದ ಇದ್ದಿದ್ದು. ಡೆಟ್ರಾಯಿಟ್‌ನವರದು ಹಡ್ಸನ್ಸ್, 1881ರದ್ದು. ಅವರೂ ಅಜ್ಜಿ ಕೈ ಹಿಡಿದು ಹೋದವರೇ, ಅವರಿಗೂ ಕ್ರಿಸ್‌ಮಸ್ ಕಿಟಕಿ, ಊಟದ ಮನೆ ಎಲ್ಲ ಇತ್ತು. 2001ರಲ್ಲಿ ಟಾರ್ಗೆಟ್ ಕಂಪನಿಯವರು ಎರಡೂ ಹೆಸರು ಅಳಿಸಿ ಏನು ಬರೆದರು ಗೊತ್ತಾ? ಮಾರ್ಷಲ್ ಫೀಲ್ಡ್ಸ್. ದೊಡ್ಡ ಹೆಸರು, ಎಲ್ಲರಿಗೂ ಗೊತ್ತಿರುವುದು, ಒಂದೇ ಜಾಹೀರಾತು ಸಾಕು ಅನ್ನುವ ವಾದ. ಐದು ವರ್ಷ ಆದ ಮೇಲೆ ಮೇಸೀಸ್‌ನವರು ಹೇಳಿದ್ದು ಅಕ್ಷರಶಃ ಅದೇ ವಾದ. ನಮ್ಮ ಡೇಟನ್ಸ್ ಹೋದಾಗ ಶಿಕಾಗೋದ ಗಡಿಯಾರದ ಕೆಳಗೆ ಒಬ್ಬರೂ ಬೋರ್ಡು ಹಿಡಿಯಲಿಲ್ಲ!

ಡೆಟ್ರಾಯಿಟ್‌ನವರ ಕಥೆ ಇನ್ನೂ ಕಷ್ಟ. ಹಡ್ಸನ್ಸ್‌ನ ಮುಖ್ಯ ಅಂಗಡಿ 1983ರಲ್ಲೇ ಮುಚ್ಚಿತು. 1998ರ ಅಕ್ಟೋಬರ್‌ನಲ್ಲಿ ಸಿಡಿಮದ್ದು ಇಟ್ಟು ಕಟ್ಟಡವನ್ನೇ ಉರುಳಿಸಿದರು. ನಿಮಗೆ ಟಿಫನಿ ಗಾಜಾದರೂ ಉಳಿದಿದೆ.

ಗಾಂಧಿಬಜಾರ್ ಗೆಳತಿ:
ಅಯ್ಯೋ, ಹಾಗಾದರೆ ಫೀಲ್ಡ್ಸ್ ಕೂಡ ಬೇರೆ ಊರಿನವರ ಪಾಲಿಗೆ ಮೇಸೀಸೇ ಆಯಿತಲ್ಲ.

ಹತ್ತು ಸಾವಿರ ಕೆರೆ:
ಇನ್ನೂ ಇದೆ ಕೇಳಿ. ಶಿಕಾಗೋದವರು ತಮ್ಮದು ಅಂತ ಎದೆ ತಟ್ಟಿಕೊಳ್ಳುವ ಫ್ರ್ಯಾಂಗೋ ಇದೆಯಲ್ಲ, ಅದು ಹುಟ್ಟಿದ್ದು ಸಿಯಾಟಲ್‌ನಲ್ಲಿ. ಫ್ರೆಡರಿಕ್ ಅಂಡ್ ನೆಲ್ಸನ್ ಅಂಗಡಿಯಲ್ಲಿ. 1918ರಲ್ಲಿ ಅಲ್ಲಿ ಆ ಹೆಸರಿನಲ್ಲಿ ಕೊಡುತ್ತಿದ್ದದ್ದು ತಣ್ಣನೆಯ ಸಿಹಿ, ಆಮೇಲೆ ಚಾಕಲೇಟು ಆಯಿತು. 1929ರಲ್ಲಿ ಫೀಲ್ಡ್ಸ್ ಆ ಅಂಗಡಿಯನ್ನು ಕೊಂಡು ಮಿಂಟನ್ನೂ ಶಿಕಾಗೋಗೆ ತಂದಿತು. ಸಿಯಾಟಲ್‌ನ ಅಂಗಡಿ 1992ರಲ್ಲಿ ಮುಚ್ಚಿತು.

ನೇಪರ್‌ವಿಲ್ ಅಮ್ಮ:
ಮಿಂಟಿನ ವಿಷಯ ನಮ್ಮತ್ತೆಗೆ ಹೇಳಲ್ಲ. ಆದರೂ ನನ್ನ ಸಿಟ್ಟು ಹೋಗಿಲ್ಲ, ನಿಮ್ಮ ಡೇಟನ್ಸ್‌ಗೂ ಸೇರಿಸಿ ಸಿಟ್ಟು ಮಾಡಿಕೊಳ್ಳುತ್ತೇನೆ, ಆಯ್ತಾ?

ಕಂಬ ಕಮಾನು:
ಒಂದು ಸೇರಿಸುತ್ತೇನೆ. ಹೆಸರು ಬದಲಾಗುತ್ತದೆ ಅಂತ 2005ರ ಸೆಪ್ಟೆಂಬರ್‌ನಲ್ಲಿ ಘೋಷಣೆ ಆಯಿತು, ನವೆಂಬರ್‌ನಲ್ಲಿ ನಗರಸಭೆ ಕಟ್ಟಡವನ್ನು ಸಂರಕ್ಷಿತ ಅಂತ ಸಾರಿತು. ರಾಷ್ಟ್ರಮಟ್ಟದ ಮಾನ್ಯತೆ 1978ರಿಂದಲೇ ಇತ್ತು. ಕಟ್ಟಡಕ್ಕೆ ರಕ್ಷಣೆ ಕೊಡಬಹುದು, ಅಂಗಡಿಯ ಹೆಸರಿಗೆ ಕೊಡುವ ಕಾನೂನು ಇಲ್ಲ.

ಹಾಸನದ ಹುಡುಗ:
ಈಗ ಇಡೀ ಕಟ್ಟಡ ಮೇಸೀಸ್‌ನದ್ದೇನಾ? ಫ್ರ್ಯಾಂಗೋ ಈಗಲೂ ಸಿಗುತ್ತಾ? ಅಮ್ಮನಿಗೆ ಒಯ್ಯಬೇಕು.

ಲೆಕ್ಕದ ಮೇಷ್ಟ್ರು:
ಮೇಲಿನ ಮಹಡಿಗಳನ್ನು 2018ರಲ್ಲಿ ಮೇಸೀಸ್ ಮಾರಿತು, ಆಫೀಸು ಮಾಡಲು. ಫ್ರ್ಯಾಂಗೋ ಹೆಸರನ್ನು 2017ರಲ್ಲೇ ಶಿಕಾಗೋದ ಗ್ಯಾರೆಟ್ ಪಾಪ್‌ಕಾರ್ನ್ ಕಂಪನಿಗೆ ಮಾರಿದ್ದರು. ಊರಿನ ಮಿಂಟು ಊರಿನವರ ಕೈಗೇ ಬಂತು ಅನ್ನೋಣ. ಸಿಯಾಟಲ್‌ನವರು ಈ ಕಡೆ ನೋಡದಿದ್ದರೆ ಸಾಕು.

ಕಂಬ ಕಮಾನು:
ಹುಡುಗ, ಸ್ಟೇಟ್ ಸ್ಟ್ರೀಟ್‌ನಲ್ಲೇ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಫೀಲ್ಡ್ಸ್‌ನ ಹಳೇ ಎದುರಾಳಿ ಕಾರ್ಸನ್ ಪಿರಿ ಸ್ಕಾಟ್‌ನ ಕಟ್ಟಡ ಸಿಗುತ್ತದೆ. ಲೂಯಿ ಸಲಿವನ್ ವಿನ್ಯಾಸ, ಮೂಲೆಯ ದುಂಡನೆಯ ಬಾಗಿಲ ಸುತ್ತ ಎರಕದ ಕಬ್ಬಿಣದ ಬಳ್ಳಿ, ಎಲೆ. ಅಂಗಡಿ 2007ರಲ್ಲಿ ಮುಚ್ಚಿತು. 2012ರಿಂದ ಅಲ್ಲಿರುವುದು ಟಾರ್ಗೆಟ್. ಫೀಲ್ಡ್ಸ್ ಮಾರಿದ ಅದೇ ಟಾರ್ಗೆಟ್! ಹಾಲು, ಮೊಸರು ಬೇಕಾದರೆ ಅಲ್ಲಿಂದಲೇ ತಗೊಳ್ಳಿ, ಬಾಗಿಲು ದಾಟುವ ಮುಂಚೆ ಒಂದು ನಿಮಿಷ ಆ ಕಬ್ಬಿಣದ ಕೆಲಸ ನೋಡಿ.

ಹಾಸನದ ಹುಡುಗ:
ನಾನು ದಿನಾ ಮೊಸರು ತರುವುದು ಅಲ್ಲಿಂದಲೇ! ಬಾಗಿಲು ಮಾತ್ರ ನೋಡಿಲ್ಲ. ನಾಳೆ ಫೋಟೋ ಹಾಕುತ್ತೇನೆ.